ಸೈಕಲ್ ಕಟ್ಟುತ್ತಿದ್ದ ಅಕ್ಕ

ಕಳೆದ ತಿಂಗಳು ಅಕ್ಕ ಕೆಲಸ ಬಿಟ್ಟರು. ಅಂಜನಾಪುರದ ಅಂಚಿನಲ್ಲಿರುವ ಕ್ಯಾರವಾನ್ ಯಾರ್ಡಿನ ಮಾಲೀಕರು ಫೋನ್ ಮಾಡಿ ಹೇಳಿದರು. ಕೊನೆಯ ದಿನವೂ ಮಧ್ಯಾಹ್ನದವರೆಗೆ ಎರಡು ಗಾಡಿಗಳಿಗೆ ಸೈಕಲ್ ಕಟ್ಟಿಕೊಟ್ಟರಂತೆ. ಹಾರ ಶಾಲು ಏನೂ ಬೇಡವೆಂದು ಮೊದಲೇ ಹೇಳಿದ್ದರಂತೆ. ಕತ್ತರಿ, ದಬ್ಬಳ, ದಾರದ ಉಂಡೆ ಇದ್ದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಸಿದ್ದಾಪುರದ ಮನೆಗೆ ಹೋದರಂತೆ.

ನಿಮ್ಮ ಬಗ್ಗೆ ನಾಲ್ಕು ಮಾತು ಬರೆಯಲೇ ಎಂದು ಒಮ್ಮೆ ಕೇಳಿದ್ದೆ. "ಬೆಲ್ಟ್ ವಿಷ್ಯ ಬರೀರಿ ಸಾರ್, ನಾಲ್ಕು ಜನಕ್ಕೆ ಉಪಯೋಗ ಆಗತ್ತೆ. ನನ್ನ ಹೆಸ್ರು ಯಾಕೆ?" ಎಂದಿದ್ದರು. ಅದಕ್ಕೇ ಹೆಸರು ಬರೆಯುತ್ತಿಲ್ಲ. ಯಾರ್ಡಿನಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ಕ್ಯಾರವಾನ್ ಎಂದರೆ ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ಸಿಂಕು ಎಲ್ಲ ಇರುವ ದೊಡ್ಡ ವ್ಯಾನು. ಬಾಡಿಗೆಗೆ ತೆಗೆದುಕೊಂಡು ನಾವೇ ಓಡಿಸಿಕೊಂಡು ಹೋಗಬಹುದು. ಈಗೀಗ ಜೆ.ಪಿ. ನಗರದಿಂದ, ಬನಶಂಕರಿಯಿಂದ ಹೀಗೆ ಹೋಗುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಅನೇಕರು ಸೈಕಲ್ಲನ್ನೂ ಒಯ್ಯುತ್ತಾರೆ. ಊರು ದಾಟಿ ಗಾಡಿ ನಿಲ್ಲಿಸಿ ನಾಲೆಯ ಏರಿಯ ಮೇಲೋ ಕೆರೆಯ ದಂಡೆಯ ಮೇಲೋ ಸೈಕಲ್ ಹೊಡೆಯುವುದು ಆಸೆ. ಗಾಡಿಯ ಹಿಂಭಾಗಕ್ಕೆ ಕಬ್ಬಿಣದ ಸ್ಟ್ಯಾಂಡ್ ಇರುತ್ತದೆ. ಅದರ ಮೇಲೆ ಸೈಕಲ್ ನಿಲ್ಲಿಸಿ ಬೆಲ್ಟಿನಿಂದ ಬಿಗಿಯುತ್ತಾರೆ. ಬಿಗಿಯುವ ಕೆಲಸ ಅಕ್ಕನದು.

ಐವತ್ತೈದರ ಆಸುಪಾಸಿನವರು. ಗಿಡ್ಡ ಆಳು, ಕಾಟನ್ ಸೀರೆ, ಅದರ ಮೇಲೆ ಗಂಡಸರ ಹಳೆಯ ಫುಲ್ ಶರ್ಟು. ಬಹಳ ವರ್ಷ ವಿಲ್ಸನ್ ಗಾರ್ಡನ್ನಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಕೂಲ್ ಬ್ಯಾಗಿನ ಪಟ್ಟಿ ಹೊಲಿದವರು. ಯಾರ್ಡಿಗೆ ಬಂದಿದ್ದು ಸೀಟಿನ ಕವರು ಹೊಲಿಯಲು. ಹುಡುಗರು ಸೈಕಲ್ ಕಟ್ಟುವುದನ್ನು ಒಂದು ವಾರ ನೋಡಿದರಂತೆ. ಎಂಟನೆಯ ದಿನ ಹೊಲಿಗೆ ಮಿಷನ್ನಿನಿಂದ ಎದ್ದು ಬಂದು ಬೆಲ್ಟು ಕಿತ್ತುಕೊಂಡರಂತೆ. ಇದು ಮಾಲೀಕರು ಹೇಳುವ ಕಥೆ. ಅಕ್ಕನನ್ನು ಕೇಳಿದರೆ, ಕಿತ್ಕೊಳ್ಳಲಿಲ್ಲ, ಇಸ್ಕೊಂಡೆ ಅನ್ನುತ್ತಿದ್ದರು.

ಬೆಲ್ಟು ಎಲ್ಲಿ ಸೋಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಪ್ರತಿ ಗಾಡಿಗೂ ಮೊದಲು ಬೆಲ್ಟನ್ನು ಉದ್ದಕ್ಕೆ ಹಾಸಿ, ಹೊಲಿಗೆಯ ಮೇಲೆ ಹೆಬ್ಬೆರಳ ಉಗುರನ್ನು ಎಳೆಯುತ್ತ ಹೋಗುತ್ತಿದ್ದರು. ಸ್ಟ್ಯಾಂಡಿಗೆ ಸಿಕ್ಕಿಸುವ ಕೊಕ್ಕೆಯ ಹತ್ತಿರದ ಮೂಲೆಯಲ್ಲಿ ಉಗುರು ನಿಲ್ಲುತ್ತಿತ್ತು. ಎಳೆ ಬಿಟ್ಟಿದ್ದರೆ ಆ ಬೆಲ್ಟು ಅಂದು ಹೊರಡುತ್ತಿರಲಿಲ್ಲ.

ನಾನು ಮೊದಲ ಸಲ ಹೋದಾಗ ನನ್ನ ಸೈಕಲ್ಲು, ಹೆಂಡತಿಯ ಸೈಕಲ್ಲು ಎರಡೂ ಇದ್ದವು. ನೀರಿನ ಬಾಟಲು, ಪಂಪು, ಸೀಟಿನ ಕೆಳಗಿನ ಪುಟ್ಟ ಚೀಲ, ಎಲ್ಲವನ್ನೂ ಬಿಚ್ಚಿಸಿ ಗಾಡಿಯ ಒಳಗೆ ಇಡಿಸಿದರು. ಯಾವುದು ಭಾರ ಎಂದರು. ಎರಡೂ ಒಂದೇ ಎಂದೆ. ಅವರು ಒಂದೊಂದನ್ನೇ ಸೀಟು ಹಿಡಿದು ಎತ್ತಿ ಇಳಿಸಿದರು. "ಒಂದೇ ಅಲ್ಲ ಸಾರ್. ನಿಮ್ದು ಭಾರ. ಭಾರದ್ದು ಗಾಡಿ ಪಕ್ಕ, ಹಗುರದ್ದು ಆಚೆಗೆ." ಒಂದರ ಮುಖ ಎಡಕ್ಕೆ, ಇನ್ನೊಂದರದು ಬಲಕ್ಕೆ ಇರುವಂತೆ ನಿಲ್ಲಿಸಿದರು. ಹ್ಯಾಂಡಲ್‌ಗಳು ಒಂದಕ್ಕೊಂದು ತಾಗಲಿಲ್ಲ. ಸೈಕಲ್ಲಿನ ಚೌಕಟ್ಟಿಗೆ ಬೆಲ್ಟು ತಾಗುವ ಕಡೆ ಹಳೆಯ ಟ್ಯೂಬಿನ ತುಂಡು ಸುತ್ತಿದರು. ಮೇಲಿನ ಬೆಲ್ಟು ಚೌಕಟ್ಟನ್ನು ಹಿಡಿಯುತ್ತದೆ, ಅದೇ ಮುಖ್ಯ. ಕೆಳಗಿನದು ಚಕ್ರಗಳು ತಿರುಗದಂತೆ, ಅಷ್ಟೇ. ಬೆಲ್ಟಿಗಿರುವ ಲಿವರನ್ನು ಕಟಕಟನೆ ಎಳೆದು ಬಿಗಿದ ಮೇಲೆ ಉಳಿದ ಬೆಲ್ಟಿನ ತುದಿಯನ್ನು ಸುರುಳಿ ಸುತ್ತಿ ದಾರದಿಂದ ಕಟ್ಟಿದರು. ಬಿಟ್ಟರೆ ಗಾಳಿಗೆ ಪಟಪಟ ಬಡಿದು ಬೆಲ್ಟು ತಾನೇ ಸಡಿಲವಾಗುತ್ತದಂತೆ.

ಆಮೇಲೆ ಸೈಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಅಷ್ಟು ದೊಡ್ಡ ವ್ಯಾನು ಓಲಾಡಿತು. "ಗಾಡಿ ಅಲ್ಲಾಡ್ಬೇಕು ಸಾರ್, ಸೈಕಲ್ ಅಲ್ಲಾಡ್ಬಾರ್ದು." ನಂತರ ನನ್ನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಲು ಹೇಳಿ ತಾವು ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತರು. ಕೆಂಪು ದೀಪ ಎರಡೂ ಕಡೆ ಕಾಣುತ್ತದೆಯೇ, ನಂಬರ್ ಪ್ಲೇಟು ಮುಚ್ಚಿಹೋಗಿಲ್ಲವೇ ಎಂದು ನೋಡಿದರು. ಎಲ್ಲ ಆದ ಮೇಲೆ ಬಿಚ್ಚಿಬಿಟ್ಟರು. ಈಗ ನೀವು ಕಟ್ಟಿ ಎಂದರು.

ಇದು ಅವರ ಪದ್ಧತಿ. ಬಾಡಿಗೆಗೆ ಒಯ್ಯುವವರು ಒಮ್ಮೆಯಾದರೂ ತಾವೇ ಕಟ್ಟಬೇಕು. ದಾರಿಯಲ್ಲಿ ನಾನು ಇರಲ್ಲವಲ್ಲ ಅನ್ನುತ್ತಿದ್ದರು. ಕೆಲವರಿಗೆ ಇದು ಹಿಡಿಸುತ್ತಿರಲಿಲ್ಲ. ಒಮ್ಮೆ ಬಿ.ಟಿ.ಎಂ. ಕಡೆಯ ನಾಲ್ಕು ಹುಡುಗರು ಬಂದಿದ್ದರು. ಒಬ್ಬ ಅವಸರಪಟ್ಟು, "ಆಂಟಿ, ಸಖತ್ ಟೈಟ್ ಆಯ್ತು, ಬಿಡಿ ಸಾಕು" ಎಂದ. ಅಕ್ಕ ಲಿವರಿನಿಂದ ಕಣ್ಣೆತ್ತದೆ, "ಮೊದ್ಲು ನಿನ್ ಪ್ಯಾಂಟ್ ಬೆಲ್ಟ್ ಟೈಟ್ ಮಾಡ್ಕೊ ಮಗಾ. ಅದು ಸೊಂಟದಲ್ಲಿ ನಿಂತ್ರೆ ಇದರ ವಿಷ್ಯ ನಿನ್ನನ್ನೇ ಕೇಳ್ತೀನಿ" ಎಂದರು. ಉಳಿದ ಮೂವರು ನಕ್ಕರು. ಅವನೂ ಪ್ಯಾಂಟು ಮೇಲೆಳೆದುಕೊಂಡು ನಕ್ಕ. ಮತ್ತೆ ಕೂತು ಎರಡು ಸಲ ಕಟ್ಟಿ ಬಿಚ್ಚಿದ.

ಕೊನೆಯ ಮಾತು ಎಲ್ಲರಿಗೂ ಒಂದೇ. ದಾರಿಯಲ್ಲಿ ಎಲ್ಲೇ ನಿಲ್ಲಿಸಿ, ಇಳಿದ ತಕ್ಷಣ ಹಿಂದೆ ಹೋಗಿ ಬೆಲ್ಟಿನ ಮೇಲೆ ಕೈ ಇಡಿ. ಕಾಫಿ ಆಮೇಲೆ.

ಇಲ್ಲಿಂದ ಮುಂದಿನದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಅದು ನಾವು ಎರಡನೆಯ ಸಲ ಕ್ಯಾರವಾನ್ ತೆಗೆದುಕೊಂಡಾಗ. ಕನಕಪುರ ರಸ್ತೆಯಲ್ಲಿ ಹೋಗಿ ಮಳವಳ್ಳಿಯ ಆಚೆ ನಾಲೆಯ ಬದಿಯಲ್ಲಿ ಎರಡು ದಿನ ಇದ್ದು ಬರುವುದೆಂದು ಮಾತಾಗಿತ್ತು. ನಾನು, ನನ್ನ ಹೆಂಡತಿ, ನಮ್ಮ ಅತ್ತೆ. ಗಾಡಿ ನೋಡಬೇಕೆಂದು ಅತ್ತೆ ಬೆಳಿಗ್ಗೆ ನನ್ನ ಜೊತೆ ಯಾರ್ಡಿಗೇ ಬಂದರು. ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ. ಅದರಲ್ಲಿ ಚೆಂಡು ಹೂವಿನ ಎರಡು ಹಾರ. ಅಕ್ಕ ಸೈಕಲ್ ಕಟ್ಟಿ ಮುಗಿಸಿದಾಗ ಅತ್ತೆ, ಒಂದು ಮುಂದಕ್ಕೆ, ಒಂದು ಹಿಂದೆ ಸೈಕಲ್ಲಿಗೆ ಎಂದರು.

"ಎರಡೂ ಮುಂದೇನೇ ಹಾಕಿ ಅಮ್ಮ. ಹಿಂದೆ ಬೇಡ. ಬೆಲ್ಟ್ ಕೆಳಗೆ ರಬ್ಬರ್ ಬಿಟ್ರೆ ಏನೂ ಇರ್ಬಾರ್ದು" ಎಂದರು ಅಕ್ಕ.

ಅತ್ತೆ ಹಾರಗಳನ್ನು ಮತ್ತೆ ಪೊಟ್ಟಣದಲ್ಲಿ ಸುತ್ತಿದರು. ಅವರ ಕಣ್ಣು ಅಕ್ಕನ ಹೊಲಿಗೆ ಮಿಷನ್ನಿನ ಮೇಲಿದ್ದ ಗೋಡೆಯ ಕಡೆ ಹೋಗಿದ್ದನ್ನು ನಾನು ನೋಡಿದೆ. ಅಲ್ಲಿ ಬುದ್ಧನ ಒಂದು ಚಿಕ್ಕ ಚಿತ್ರ ಇತ್ತು. ಬೇರೆ ದೇವರ ಪಟ ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅತ್ತೆ, "ಅವ್ರಿಗೆ ನಮ್ ಪೂಜೆ ಪುನಸ್ಕಾರ ಎಲ್ಲ ಹಿಡಿಸಲ್ಲ ಕಣಪ್ಪ. ಅದಕ್ಕೇ ಬೇಡ ಅಂದ್ರು. ರಬ್ಬರ್ ಇಡಬಹುದಂತೆ, ಹೂವು ಇಡಬಾರ್ದಂತೆ" ಎಂದರು. ನಾನು ಅಲ್ಲಗಳೆಯಲಿಲ್ಲ. ಇದ್ದರೂ ಇರಬಹುದು ಅನ್ನಿಸಿತು. ಸರಿಯಾಗಿ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳುವುದು ನನಗೂ ಸುಲಭವಾಗಿತ್ತು. ಅತ್ತೆಯ ಜೊತೆ ವಾದ ಮಾಡುವ ಕೆಲಸ ತಪ್ಪಿತು.

ಬನಶಂಕರಿಯ ನಮ್ಮ ಮನೆಯ ಮುಂದೆ ಪೂಜೆ ಆಯಿತು. ಗಾಲಿಗಳಡಿ ನಿಂಬೆಹಣ್ಣು, ಕಾಯಿ, ಕರ್ಪೂರ. ಒಂದು ಹಾರ ಮುಂದೆ. ಇನ್ನೊಂದನ್ನು ಹೆಂಡತಿಯ ಸೈಕಲ್ಲಿಗೆ ಸುಮ್ಮನೆ ನೇತುಹಾಕಿದರೆ ಗಾಳಿಗೆ ಹೋಗುತ್ತದೆ ಎಂದು ನಾನೇ ಲಿವರು ಬಿಚ್ಚಿದೆ. ಮೇಲಿನ ಬೆಲ್ಟನ್ನು ಸಡಿಲಿಸಿ, ಹಾರವನ್ನು ಎರಡು ಮಡಿಕೆ ಮಾಡಿ ಚೌಕಟ್ಟಿನ ಮೇಲೆ ಮಲಗಿಸಿ, ಅದರ ಮೇಲೆ ಬೆಲ್ಟು ಎಳೆದು ಬಿಗಿದೆ. ಅಲ್ಲಾಡಿಸಿ ನೋಡಿದೆ. ಸೈಕಲ್ಲು ಅಲ್ಲಾಡಲಿಲ್ಲ. ಅತ್ತೆ ತೃಪ್ತಿಯಿಂದ ಕೈಮುಗಿದರು.

ಬಿಗಿದಾಗ ಹಾರ ನನ್ನ ಮುಂಗೈಯಷ್ಟು ದಪ್ಪ ಇತ್ತು. ಹೂವು ನಜ್ಜುಗುಜ್ಜಾದ ಹಾಗೆ, ಬಾಡಿದ ಹಾಗೆ, ತೆಳುವಾಗುತ್ತದೆ. ಬೆಲ್ಟು ಮಾತ್ರ ಬೆಳಿಗ್ಗೆ ಎಷ್ಟು ಉದ್ದವಿತ್ತೋ ಅಷ್ಟೇ ಇರುತ್ತದೆ. ಇದು ಆಗ ನನಗೆ ಹೊಳೆಯಲಿಲ್ಲ.

ಹಾರೋಹಳ್ಳಿಯ ಹತ್ತಿರ ತಿಂಡಿಗೆ ನಿಲ್ಲಿಸಿದೆವು. ಹಿಂದೆ ಹೋಗಲಿಲ್ಲ. ಕನಕಪುರದಲ್ಲಿ ಕಾಫಿಗೆ ನಿಲ್ಲಿಸಿದೆವು. ಆಗಲೂ ಹೋಗಲಿಲ್ಲ. ಬೆಲ್ಟು ಬಿಗಿದಿದ್ದು ನಾನೇ, ಗಟ್ಟಿಯಾಗಿದೆ ಎಂಬ ಧೈರ್ಯ.

ಸಾತನೂರು ದಾಟಿ ಸ್ವಲ್ಪ ದೂರದಲ್ಲಿ ರಸ್ತೆಯ ಪಕ್ಕ ಒಂದು ಹಳ್ಳಿ. ಅಲ್ಲಿ ಒಂದು ಹಂಪ್ ಇದೆ. ಅದನ್ನು ನಿಧಾನವಾಗಿಯೇ ದಾಟಿದೆ. ಹಿಂದಿನ ಗಾಲಿ ಇಳಿದಾಗ ಒಂದು ಕಬ್ಬಿಣದ ಸದ್ದು ಬಂತು. ಪಕ್ಕದ ಕನ್ನಡಿ ನೋಡಿದೆ. ಹಿಂದೆ, ಎರಡು ಬಸ್ಸಿನಷ್ಟು ದೂರದಲ್ಲಿ, ಒಂದು ಬೈಕ್ ಬರುತ್ತಿತ್ತು. ಅದು ಜೋರಾಗಿ ಬರುತ್ತಿರಲಿಲ್ಲ. ಹೆಂಡತಿಯ ಸೈಕಲ್ಲು ರಸ್ತೆಯ ಮಧ್ಯೆ ಮಲಗಿದ್ದು ಕಂಡಿತು. ಆಗಲೇ ಬೈಕು ವಾಲಿತು. ಸವಾರ ಬದಿಯ ಮಣ್ಣಿನಲ್ಲಿ ಬಿದ್ದ. ಗಾಡಿ ನಿಲ್ಲಿಸಿ ಓಡಿದೆ. ಆತ ಎದ್ದು ಕೂತಿದ್ದ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ.

ಜನ ಸೇರಿದರು. ಅವರಲ್ಲಿ ಹಿರಿಯರೊಬ್ಬರು ಆತನಿಗೇ ಬೈದರು. ಬೈಕ್ ಕೈಗೆ ಬಂದ್ರೆ ಇವಕ್ಕೆ ಕಣ್ಣೇ ಕಾಣಲ್ಲ ಎಂದು. ನಾನು ಅಲ್ಲೇ ನಿಂತಿದ್ದೆ. ಮಾತಾಡಲಿಲ್ಲ. ಆತನನ್ನು ನಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಣಿಕಟ್ಟಿನ ಮೂಳೆ ಬಿರಿದಿತ್ತು. ಬೇರೆ ಪೆಟ್ಟು ಇರಲಿಲ್ಲ. ಹೇಗಾಯ್ತು ಸಾರ್ ಎಂದು ಆತ ಕೇಳಿದಾಗ, ಬೆಲ್ಟು ಕಳಚಿಕೊಂಡಿತು ಎಂದೆ.

ಆಸ್ಪತ್ರೆಯಿಂದಲೇ ಮಾಲೀಕರಿಗೆ ಫೋನ್ ಮಾಡಿದೆ. ಅವರಿಗೂ ಅದನ್ನೇ ಹೇಳಿದೆ. ಕಟ್ಟಿದ್ದು ಯಾರು ಎಂದು ಕೇಳಿದರು. ಅಕ್ಕ ಎಂದೆ. ಅವರು, "ವಯಸ್ಸಾಯ್ತು ಸಾರ್ ಅವ್ರಿಗೆ, ಕಣ್ಣೂ ಅಷ್ಟಕ್ಕಷ್ಟೆ. ನಾನು ಮೊದ್ಲೇ ಯೋಚ್ನೆ ಮಾಡ್ಬೇಕಿತ್ತು. ನಾಳೆಯಿಂದ ಸೈಕಲ್ ಮುಟ್ಬೇಡಿ ಅಂತೀನಿ" ಎಂದರು.

ಬೆಲ್ಟು ಕಳಚಿದ್ದು ನಿಜ. ಅಕ್ಕ ಕಟ್ಟಿದ್ದೂ ನಿಜ. ಆ ಎರಡು ನಿಜಗಳನ್ನು ಜೋಡಿಸಿ ನಾನು ಒಂದು ಸುಳ್ಳು ಹೇಳಿದ್ದೆ.

ಪ್ರವಾಸ ಅಲ್ಲಿಗೇ ಬಿಟ್ಟು ವಾಪಸ್ಸಾದೆವು. ಮರುದಿನ ಬೆಳಿಗ್ಗೆ ಗಾಡಿ ಒಪ್ಪಿಸಲು ಯಾರ್ಡಿಗೆ ಹೋದೆ. ಅಕ್ಕ ಮಿಷನ್ನಿನ ಮುಂದೆ ಸೀಟ್ ಕವರು ಹೊಲಿಯುತ್ತಿದ್ದರು. ಸೈಕಲ್ ಸ್ಟ್ಯಾಂಡಿನ ಹತ್ತಿರ ಬೇರೆ ಯಾರೋ ಇದ್ದರು. ನಾನು ಬೆಲ್ಟನ್ನು ಅಕ್ಕನ ಮುಂದೆ ಇಟ್ಟೆ. ಅವರು ಅದನ್ನು ಹಾಸಿ, ಉಗುರು ಎಳೆಯುತ್ತ ಹೋದರು. ಕೊಕ್ಕೆ ಸರಿ ಇತ್ತು. ಹೊಲಿಗೆ ಸರಿ ಇತ್ತು. ಒಂದು ಗೇಣಿನಷ್ಟು ಉದ್ದಕ್ಕೆ ಬೆಲ್ಟು ಹಳದಿಯಾಗಿತ್ತು. ಎಳೆಗಳ ನಡುವೆ ಒಂದು ದಳ ಅಂಟಿತ್ತು. ಅದನ್ನು ಬಿಡಿಸಿ ಮಿಷನ್ನಿನ ಮೇಲೆ ಇಟ್ಟರು.

"ಹೂವು ಬಾಡಿ ಸಡಿಲ ಆಗಿದೆ. ಸಡಿಲ ಆದ್ರೆ ಕೊಕ್ಕೆ ನಿಲ್ಲಲ್ಲ, ಒಂದು ಹಂಪ್ ಸಾಕು. ಬಿದ್ದವ್ರು ಹೇಗಿದ್ದಾರೆ ಸಾರ್?"

ಮಣಿಕಟ್ಟು ಬಿರಿದಿದೆ, ಕೂಡುತ್ತದಂತೆ ಎಂದೆ. ಅವರು ಸದ್ಯ ಎಂದರು. ಆಮೇಲೆ ನಾನು, ನೀವು ಪೂಜೆ ಹಿಡಿಸದೆ ಬೇಡ ಎಂದಿರಿ ಅಂದುಕೊಂಡೆವು ಎಂದೆ. ಇದನ್ನು ಹೇಳುವ ಅಗತ್ಯ ಇತ್ತೋ ಇಲ್ಲವೋ, ಹೇಳಿಬಿಟ್ಟೆ.

ಅಕ್ಕ ನನ್ನ ಮುಖವನ್ನೇ ನೋಡಿದರು. ಕೋಪ ಇರಲಿಲ್ಲ, ಇಂಥದ್ದು ಮೊದಲ ಸಲ ಕೇಳುತ್ತಿಲ್ಲ ಎಂಬಂತಿತ್ತು. "ನಾನು ಹೂವು ಬೇಡ ಅಂದೆ ಸಾರ್. ದೇವ್ರು ಬೇಡ ಅಂದೆನಾ?" ಎಂದರು.

ಮಾಲೀಕರಿಗೆ ಹೂವಿನ ವಿಷಯ ಹೇಳಿದಿರಾ ಎಂದು ಕೇಳಿದೆ. ಹಾರ ಎಲ್ಲಿಗೆ ಹೋಗಿರುತ್ತದೆಂದು ಅಕ್ಕನಿಗೆ ನಿನ್ನೆ ಫೋನ್ ಬಂದಾಗಲೇ ಗೊತ್ತಾಯಿತಂತೆ. ಆದರೂ ಹೇಳಿರಲಿಲ್ಲ. "ನಾನ್ ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಹೇಳ್ತಾಳೆ ಅಂತಾರೆ. ಬಿಚ್ಚಿದ್ದು ನಿಮ್ ಕೈ. ನೀವ್ ಹೇಳಿ."

ಒಳಗೆ ಹೋಗಿ ಮಾಲೀಕರಿಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅಕ್ಕ ಬೇಡ ಎಂದಿದ್ದು, ನಾನು ಲಿವರು ಬಿಚ್ಚಿದ್ದು, ಎರಡು ಕಡೆ ನಿಲ್ಲಿಸಿಯೂ ಹಿಂದೆ ಹೋಗದಿದ್ದು. ಅವರು ಕೇಳುತ್ತ ಕೇಳುತ್ತ ಕೆಂಪಾದರು. ನನಗೆ ಬೈಯುತ್ತಾರೆ ಅಂದುಕೊಂಡೆ. ಎದ್ದು ಹೊರಗೆ ಹೋಗಿ, ಮಿಷನ್ನಿನ ಮುಂದೆ ನಿಂತು, "ಅಕ್ಕ, ಆ ಮೂರನೇ ಗಾಡಿಗೆ ಸೈಕಲ್ ಬಂದಿದೆ, ನೋಡಿ" ಎಂದರು. ಕ್ಷಮೆ ಕೇಳಲಿಲ್ಲ. ಅಕ್ಕ ದಾರ ಕತ್ತರಿಸಿ ಎದ್ದರು. ನನ್ನ ಪಕ್ಕ ಹಾದು ಹೋಗುವಾಗ ನಿಂತು ಕೇಳಿದರು: "ಬಿದ್ದವ್ರಿಗೆ ಹೇಳಿದ್ರಾ?"

ಇಲ್ಲ ಎಂದೆ.

"ಅವ್ರಿಗೂ ಗೊತ್ತಾಗ್ಬೇಕಲ್ವಾ, ಯಾಕ್ ಬಿದ್ದೆ ಅಂತ."

ಬಿದ್ದವನ ಚಿಕಿತ್ಸೆಯ ಖರ್ಚನ್ನು ನಾನೇ ನೋಡಿಕೊಂಡಿದ್ದೆ. ಫೋನಿನಲ್ಲಿ ವಿಚಾರಿಸುತ್ತಿದ್ದೆ. ಆದರೆ ಈ ಮಾತು ಫೋನಿನಲ್ಲಿ ಬಾಯಿಗೆ ಬರಲಿಲ್ಲ. ಆತನ ಕೈಯ ಪ್ಲಾಸ್ಟರು ಬಿಚ್ಚಿ ಎರಡು ವಾರವಾದ ಮೇಲೆ ಒಂದು ಭಾನುವಾರ ಕಾರಿನಲ್ಲಿ ಹೊರಟೆ. ಅಕ್ಕನನ್ನು ಬರುತ್ತೀರಾ ಎಂದು ಕೇಳಿದೆ. ಬಂದರು. ದಾರಿಯುದ್ದಕ್ಕೂ ಮುಂದೆ ಹೋಗುವ ಲಾರಿಗಳ ಹಗ್ಗ ನೋಡಿ, ಇದು ಸರಿ, ಇದು ಸಾಲದು ಅನ್ನುತ್ತಿದ್ದರು.

ಆತನ ಮನೆ ಆ ಹಂಪಿನಿಂದ ದೂರವಿಲ್ಲ. ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟರು. ಬೈಕು ಅಂಗಳದ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಆತನ ಹೆಂಡತಿ ಬಾಗಿಲಲ್ಲಿ ನಿಂತು, ಕೆಲಸಕ್ಕೆ ಈಗ ಬಸ್ಸಿನಲ್ಲೇ ಹೋಗುತ್ತಾರೆ ಎಂದಳು. ಅಂದಿನಿಂದ ಬೀಗದ ಕೈ ತನ್ನ ಹತ್ತಿರವೇ ಇದೆ ಎಂದಳು. ಊರವರೆಲ್ಲ ಇವನು ಜೋರಾಗಿ ಬಂದು ಬಿದ್ದ ಎಂದೇ ಆಡಿಕೊಳ್ಳುತ್ತಿದ್ದರಂತೆ. ಆತ ತಲೆ ತಗ್ಗಿಸಿದ. "ನಾನೇನ್ ಜೋರಾಗ್ ಬತ್ತಿರ್ಲಿಲ್ಲ ಸಾರ್. ಎಲ್ರೂ ಅಂದು ಅಂದು, ಈಗ ನಂಗೇ ಡೌಟು. ಬತ್ತಿದ್ನೇನೋ ಅನ್ಸುತ್ತೆ" ಎಂದ.

ನಾನು ಹೇಳಿದೆ. ಹೂವು, ಬೆಲ್ಟು, ಲಿವರು. ನಾನು ಕನ್ನಡಿಯಲ್ಲಿ ನೋಡಿದ್ದನ್ನೂ ಹೇಳಿದೆ: ನೀವು ನಿಧಾನವಾಗಿ ಬರುತ್ತಿದ್ದಿರಿ, ದೂರ ಇಟ್ಟುಕೊಂಡಿದ್ದಿರಿ, ಸೈಕಲ್ಲು ಕಂಡ ಕೂಡಲೇ ಪಕ್ಕಕ್ಕೆ ತಿರುಗಿಸಿದಿರಿ. ಜೋರಾಗಿ ಬಂದಿದ್ದರೆ ಅದರ ಮೇಲೇ ಹತ್ತುತ್ತಿದ್ದಿರಿ. ಜನ ನಿಮ್ಮನ್ನು ಬೈಯುವಾಗ ನಾನು ಅಲ್ಲೇ ಇದ್ದೆ, ಮಾತಾಡಲಿಲ್ಲ.

ಆತ ಹೆಂಡತಿಯ ಕಡೆ ತಿರುಗಿ, "ಕೇಳುಸ್ಕೊಂಡ್ಯಾ?" ಎಂದ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಇದನ್ನು ಅವತ್ತೇ ಹೇಳಬೇಕಿತ್ತು ಎಂದು ನನ್ನನ್ನು ನೋಡಿ ಹೇಳಿದಳು. ಹೌದು ಎಂದೆ.

ಅಕ್ಕ ಅಷ್ಟರಲ್ಲಿ ಎದ್ದು ಅಂಗಳಕ್ಕೆ ಇಳಿದಿದ್ದರು. ಗೋಣಿಚೀಲ ತೆಗೆದು ಮಡಿಸಿ ಗೋಡೆಯ ಮೇಲೆ ಇಟ್ಟರು. ಸೀಟಿನ ಧೂಳನ್ನು ಅಂಗೈಯಲ್ಲಿ ಒರೆಸಿದರು.

"ಕೀ ಕೊಡಮ್ಮ. ಬನ್ನಿ ಅಣ್ಣ, ನನ್ನನ್ನ ಒಂದ್ ರೌಂಡ್ ಕರ್ಕೊಂಡ್ ಹೋಗಿ. ನಿಮ್ಮೂರು ನೋಡಿಲ್ಲ ನಾನು."

ಆತ ಹಿಂಜರಿದ. ಕೈ ಇನ್ನೂ ಒಂದು ಥರ ಇದೆ ಎಂದ. ಅಕ್ಕ, ನಿಧಾನವಾಗಿಯೇ ಹೋಗೋಣ, ನನಗೂ ಅವಸರ ಇಲ್ಲ ಎಂದರು. ಹೆಂಡತಿ ಒಳಗೆ ಹೋಗಿ ಕೀ ತಂದಳು. ಕೊಡುವ ಮುಂಚೆ ಒಂದು ಕ್ಷಣ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು.

ಬೈಕು ನಾಲ್ಕನೆಯ ಒದೆತಕ್ಕೆ ಶುರುವಾಯಿತು. ಅಕ್ಕ ಸೀರೆ ಒಟ್ಟುಮಾಡಿಕೊಂಡು ಒಂದು ಬದಿಗೆ ಕಾಲು ಹಾಕಿ ಹಿಂದೆ ಕೂತರು. ಆತನನ್ನು ಹಿಡಿದುಕೊಳ್ಳಲಿಲ್ಲ. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಬೈಕು ಮೆಲ್ಲಗೆ ಬೀದಿಗೆ ಇಳಿಯಿತು. ಜಗಲಿಗಳ ಮೇಲಿದ್ದವರು ತಿರುಗಿ ನೋಡಿದರು. ಹಾಲಿನ ಡೈರಿಯ ಹತ್ತಿರ ಅದು ತಿರುವು ತೆಗೆದುಕೊಂಡು ಮರೆಯಾಯಿತು. ನಾನೂ ಆತನ ಹೆಂಡತಿಯೂ ಸದ್ದನ್ನೇ ಕೇಳುತ್ತ ನಿಂತೆವು. ಸದ್ದು ದೂರವಾಯಿತು. ಒಮ್ಮೆ ನಿಂತೇ ಹೋಯಿತೇನೋ ಅನ್ನಿಸಿತು. ಆಮೇಲೆ ಬೇರೆ ದಿಕ್ಕಿನಿಂದ, ಹೊರಟಾಗಿನದಕ್ಕಿಂತ ಸ್ವಲ್ಪ ಚುರುಕಾಗಿ, ಮತ್ತೆ ಕೇಳಿಸಿತು.

ಅಕ್ಕ ಇಳಿದು ಸೀರೆ ಸರಿಮಾಡಿಕೊಂಡರು.

"ಹಿಂದಿನ ಬ್ರೇಕ್ ಸ್ವಲ್ಪ ಸಡಿಲ ಇದೆ, ನಾಳೆ ಬಿಗಿಸ್ಕೊಳ್ಳಿ," ಎಂದರು. "ಕೈ ಚೆನ್ನಾಗಿದೆ."

ಆತ ಬೈಕನ್ನು ಮೂಲೆಗೆ ತಳ್ಳಲಿಲ್ಲ, ಬಾಗಿಲ ಮುಂದೆಯೇ ನಿಲ್ಲಿಸಿದ. ಕೀ ಅದರಲ್ಲೇ ಇತ್ತು. ಹೆಂಡತಿ ವಾಪಸ್ಸು ಕೇಳಲಿಲ್ಲ. ಕಾಫಿಗೆ ಹಾಲು ತರಬೇಕು ಎಂದಳು.

ನಾನೇ ತರುತ್ತೇನೆ ಎಂದು ಆತ ಮತ್ತೆ ಬೈಕು ಹತ್ತಿದ.